ಮೇಲಿನವರು, ಕೆಳಗಿನವರು

ಜೂನ್ ೧೦, ಸೋಮವಾರ. ಬೆಳಿಗ್ಗೆ

ಆರೂ ಹತ್ತರ ಬಸ್ಸು. ಅದೇ ಎರಡನೇ ಸಾಲು, ಎಡಗಡೆ. ಕಿಟಕಿ ನನಗೆ, ಪಕ್ಕದಲ್ಲಿ ವಾರಗಿತ್ತಿ. ಸ್ಟಿಯರಿಂಗ್ ಹಿಂದೆ ನಾದಿನಿ. ಹತ್ತು ವಾರದಲ್ಲಿ ಎಷ್ಟನೆಯ ಸಲವೋ, ಎಣಿಸುವುದು ಬಿಟ್ಟಿದ್ದೇನೆ.

ಊರಿಂದ ಕೇಳುತ್ತಾರೆ — ಏನೇನು ನೋಡಿದಿರಿ? ನೋಡಿದ್ದು ಮುಖ್ಯವಾಗಿ ಈ ಒಂದು ರೂಟು. ಆಸ್ಪತ್ರೆ, ಶಾಲೆ, ಸಾಲು ಗೋದಾಮು, ಸ್ಮಶಾನದ ಉದ್ದ ಗೋಡೆ, ಕೊನೆಗೆ ಸಮುದ್ರ. ಹದಿನೈದು ನಿಮಿಷ ನಿಲುಗಡೆ. ವಾಪಸು ಬರುವಾಗ ಅದೇ ಗೋಡೆ, ಈಗ ಬಲಗಡೆ.

ನಾದಿನಿ, ಇವರ ತಂಗಿ, ಹನ್ನೆರಡು ವರ್ಷದಿಂದ ಇಲ್ಲಿ, ಈ ಪರದೇಶದಲ್ಲಿ, ಸಿಟಿ ಬಸ್ಸಿನ ಡ್ರೈವರು. ಮನೆಯವರಿಗೆ ಪುಕ್ಕಟೆ ಪಾಸು. ಅವಳ ಗಂಡ ಬೇಕರಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಮನೆಯಲ್ಲಿ ಅವರಿದ್ದಾರೆ ಎಂಬುದಕ್ಕೆ ಗೊರಕೆಯೇ ಸಾಕ್ಷಿ. ಮಲಗಿದವರನ್ನು ಎಬ್ಬಿಸಬಾರದೆಂದು ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿಕೊಂಡು ಬಂದವಳು ಇವಳು. ಓಡಿಸುವಾಗ ಮಾತಾಡಬಾರದು, ಕಂಪನಿ ರೂಲು ಅಂದಳು. ಬೇರೆ ದಾರಿಯಿಲ್ಲದೆ ನಾವಿಬ್ಬರೇ ಮಾತಾಡಿಕೊಳ್ಳಬೇಕಾಯಿತು. ಆಮೇಲೆ ಗೊತ್ತಾಯಿತು, ಆ ರೂಲು ಅಷ್ಟೇನೂ ಬಿಗಿಯಲ್ಲ. ಮಿಕ್ಕ ಪ್ರಯಾಣಿಕರ ಜೊತೆ ಚೆನ್ನಾಗಿಯೇ ಹರಟುತ್ತಾಳೆ.

ಇನ್ನು ಆರು ದಿನ. ಭಾನುವಾರ ವಿಮಾನ.

ಜೂನ್ ೧೧, ಮಂಗಳವಾರ

ಸೂಟ್‌ಕೇಸು ಹೊರಗೆ ಬಂದವು. ಬಾಯಿ ತೆರೆದು ಮಲಗಿವೆ. ಹಾಕುವುದೇನೂ ಇಲ್ಲ, ಅಥವಾ ಎಲ್ಲ ಇದೆ.

ಬರೆದಿಡಬೇಕು, ಮರೆಯುವ ಮುಂಚೆ — ಈ ಪ್ರವಾಸ ಹೇಗೆ ಶುರುವಾಯಿತು ಅಂತ. ನಮ್ಮದು ಒಂದೇ ಕಟ್ಟಡ. ಭಾವನವರು ಮಹಡಿಯಲ್ಲಿ, ನಾವು ಕೆಳಗೆ. ಎಂಟು ವರ್ಷದಿಂದ ಅಣ್ಣ ತಮ್ಮ ಎಣ್ಣೆ-ಸೀಗೆಕಾಯಿ. ನಮ್ಮ ಮನೆಯಲ್ಲಿ ಅವರಿಗೆ ಹೆಸರೇ ಇಲ್ಲ, 'ಮೇಲಿನವರು' ಅಷ್ಟೆ. ನಾವು ಅಲ್ಲಿ 'ಕೆಳಗಿನವರು'. ಗಂಡಂದಿರು ಮಾತು ಬಿಟ್ಟ ಮೇಲೆ ಹೆಂಡತಿಯರೂ ಬಿಟ್ಟೆವು. ಯಾರೂ ಬಿಡು ಅನ್ನಲಿಲ್ಲ. ಗೇಟಿನ ಹತ್ತಿರ ಎದುರಾದರೆ ಒಬ್ಬರು ಚಪ್ಪಲಿ ನೋಡಿಕೊಳ್ಳುವುದು, ಇನ್ನೊಬ್ಬರು ಆಕಾಶ.

ಮಾರ್ಚಿನಲ್ಲಿ ನಾದಿನಿ ಇಬ್ಬರಿಗೂ ಟಿಕೆಟ್ ಕಳಿಸಿದಳು. "ಬಂದ್ರೆ ಇಬ್ರೂ ಬನ್ನಿ. ಒಬ್ರೇ ಬರೋ ಹಾಗಿದ್ರೆ ನಾನು ಏರ್‌ಪೋರ್ಟಿಗೇ ಬರಲ್ಲ, ಅಲ್ಲೇ ಕೂತಿರಿ." ತನ್ನ ಹೆಂಡತಿ ಉಳಿದು ಇನ್ನೊಬ್ಬನ ಹೆಂಡತಿ ಹೋಗಿಬಿಟ್ಟರೆ? ಅಣ್ಣ ತಮ್ಮ ಒಂದೇ ದಿನ ಒಪ್ಪಿದರು. ಎಂಟು ವರ್ಷದಲ್ಲಿ ಅವರು ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಸಂಜೆ

ಅಕ್ಕ (ವಾರಗಿತ್ತಿಯನ್ನು ಈಗ ಹಾಗೇ ಕರೆಯುವುದು) ನೆರೆಮನೆಯವರ ಪರದೆಗೆ ಅಂಚು ಹಾಕುತ್ತಿದ್ದಾರೆ. ಊರಲ್ಲಿ ಟೈಲರಿಂಗ್ ಮಾಡುವ ಕೈ, ಇಲ್ಲಿ ಬಂದರೂ ಸುಮ್ಮನಿರಲಿಲ್ಲ. ಬೀದಿಯ ಅರ್ಧದಷ್ಟು ಪ್ಯಾಂಟುಗಳು ಅವರ ಕೈಯಲ್ಲಿ ಗಿಡ್ಡವಾಗಿವೆ. ನಾನು ಎದುರು ಕೂತು ಪದ್ಯ ಓದುವುದು ಅಭ್ಯಾಸವಾಗಿದೆ. ಇವತ್ತು ಓದಿದ್ದು ಹೊಸ್ತಿಲ ಮೇಲೆ ಎಲೆ ಬೀಳುವ ಕುರಿತು. ಮುಗಿಸಿ ತಲೆಯೆತ್ತಿದೆ. ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದರು:

"ಎಲೆ ಬಿತ್ತು. ಸರಿ. ಗುಡಿಸಿದ್ಯಾರು?"

ಎಂ.ಎ.ಯಲ್ಲಿ ಎರಡು ವರ್ಷ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ — "ನೀನು ಊರಲ್ಲಿ ಓದ್ತೀಯಲ್ಲ, ಜೋರಾಗಿ, ಭಾನುವಾರ ಬೆಳಿಗ್ಗೆ... ಮೇಲೆ ಕೇಳುತ್ತೆ. ಮಿಷನ್ ನಿಲ್ಲಿಸಿ ಕೇಳ್ತಿದ್ದೆ."

"ಅಷ್ಟು ಚೆನ್ನಾಗಿತ್ತಾ?"

"ಜಗಳ ಆಡ್ತಿದ್ದೀರೇನೋ ಅಂದ್ಕೊಂಡು ನಿಲ್ಲಿಸ್ತಿದ್ದೆ. ಆಮೇಲೆ ಅಭ್ಯಾಸ ಆಯ್ತು."

ಜೂನ್ ೧೨, ಬುಧವಾರ

ಬಸ್ಸಿಗೆ ಹೋಗಲಿಲ್ಲ. ತಲೆನೋವು ಅಂದೆ. ತಲೆನೋವಲ್ಲ. ಭಾನುವಾರ ಹತ್ತಿರವಾದಷ್ಟೂ ಒಂದು ವಿಷಯ ಗಂಟಲಿಗೆ ಬರುತ್ತಿದೆ, ಬಿಸಿತುಪ್ಪದ ಹಾಗೆ. ಈ ಪುಸ್ತಕ ಯಾರೂ ಓದುವುದಿಲ್ಲ. ಆದರೂ ಇಲ್ಲೂ ಬರೆದಿಲ್ಲ, ಎಂಟು ವರ್ಷದಲ್ಲಿ ಒಂದು ಸಲವೂ.

ಇವತ್ತೂ ಬರೆಯುವುದಿಲ್ಲ.

ಜೂನ್ ೧೩, ಗುರುವಾರ. ಮಧ್ಯಾಹ್ನ

ಬರೆಯಬೇಕಾಗಿ ಬಂದಿದೆ.

ಸಮುದ್ರದ ನಿಲುಗಡೆ. ನಾದಿನಿ ಚಹಾಕ್ಕೆ ಇಳಿದಳು. ಖಾಲಿ ಬಸ್ಸಿನಲ್ಲಿ ನಾವಿಬ್ಬರೇ. ಹೊರಗೆ ಒಬ್ಬ ನಾಯಿಗೆ ಚೆಂಡೆಸೆಯುತ್ತಿದ್ದ. ನಾಯಿಗೆ ಆಸಕ್ತಿಯಿರಲಿಲ್ಲ, ಅವನೇ ಹೋಗಿ ಹೋಗಿ ತರುತ್ತಿದ್ದ.

"ಅಕ್ಕ, ಊರಿಗೆ ಹೋದ್ಮೇಲೂ ಹೀಗೇ ಮಾತಾಡ್ಕೊಂಡಿರೋಣ" ಅಂದೆ.

"ನಿಮ್ಮೋರು ಒಪ್ತಾರಾ?"

"ಅವರಿಬ್ಬರ ಜಗಳ ಅವರದ್ದು. ನಮಗೇನು?"

ಅಕ್ಕ ನನ್ನ ಕಡೆ ತಿರುಗಲಿಲ್ಲ. ನಾಯಿಯನ್ನೇ ನೋಡುತ್ತಾ ಹೇಳಿದರು. "ನಾಲ್ಕು ಸಲ ಮಾಡಿದ್ರು ಕಣೇ. ನಾನು ಪಕ್ಕದಲ್ಲೇ ನಿಂತಿದ್ದೆ."

ಸರಿ. ಬರೆಯುತ್ತೇನೆ, ಒಂದೇ ಸಲ.

ಎಂಟು ವರ್ಷದ ಹಿಂದೆ. ಮಾವನವರು ಆಸ್ಪತ್ರೆಯಲ್ಲಿದ್ದರು. ಆಪರೇಷನ್ ಮಾಡಿದರೆ ಕಷ್ಟ, ಬಿಟ್ಟರೂ ಕಷ್ಟ, ಅರ್ಧ ಗಂಟೆಯಲ್ಲಿ ನಿರ್ಧಾರ ಹೇಳಿ ಅಂದರು ಡಾಕ್ಟರು. ಇವರು ರೈಲಿನಲ್ಲಿ, ಫೋನು ಸಿಗುತ್ತಿಲ್ಲ. ಭಾವ ನನಗೆ ಮಾಡಿದರು. ನಮ್ಮ ಕಡೆಯ ಒಂದು ಮಾತಿಗಾಗಿ. ನಾನು ಕವಿಗೋಷ್ಠಿಯಲ್ಲಿದ್ದೆ. ತೊಡೆಯ ಮೇಲೆ ಮೊಬೈಲು ನಡುಗಿತು. ಹೆಸರು ನೋಡಿದೆ. ಫ್ಲಾಸ್ಕು, ಟವೆಲು, ಇಂಥದ್ದೇನೋ ಇರಬೇಕು ಅಂದುಕೊಂಡೆ. ಮುಂದಿನ ಸರದಿ ನನ್ನದು. ಎರಡನೆಯ ಸಲ, ಮೂರನೆಯ ಸಲ. ನಾಲ್ಕನೆಯ ಸಲ ನಡುಗುವಾಗ ವೇದಿಕೆಯ ಮೆಟ್ಟಿಲ ಮೇಲಿದ್ದೆ. ಓದಿದೆ. ಚಪ್ಪಾಳೆ ಬಂತು.

ಭಾವ ಒಬ್ಬರೇ ಸಹಿ ಹಾಕಿದರು. ಮಾವನವರು ಟೇಬಲ್ಲಿನಿಂದ ಏಳಲಿಲ್ಲ.

ಇವರು ಬಂದವರೇ ಕೂಗಾಡಿದರು. "ನನ್ನ ಒಂದು ಮಾತು ಕೇಳದೆ ಅಪ್ಪನ್ನ ಕೊಂದೆ ನೀನು." ಭಾವ ಹೇಳಿದರು, "ನಿನ್ನ ಹೆಂಡ್ತಿಗೆ ಫೋನ್ ಮಾಡಿದ್ದೆ." ಇವರು ನನ್ನತ್ತ ತಿರುಗಿದರು. "ಬಂದಿತ್ತಾ?"

ಇಲ್ಲ, ಅಂದೆ.

ಭಾವ ನನ್ನನ್ನು ನೋಡಿದರು. ಮೊಬೈಲು ಅವರ ಕೈಯಲ್ಲೇ ಇತ್ತು. ತೋರಿಸಿದ್ದರೆ ಮುಗಿಯುತ್ತಿತ್ತು. ಜೇಬಿಗೆ ಹಾಕಿಕೊಂಡರು.

ಅಷ್ಟೆ. ಬರೆದರೆ ಇಷ್ಟೇ ಸಾಲು.

ಬಸ್ಸಿನಲ್ಲಿ ಅಕ್ಕನೇ ಮುಂದುವರಿಸಿದರು. "ಯಾಕೆ ತೋರಿಸ್ಲಿಲ್ಲ ಅಂತ ಅವತ್ತೇ ಕೇಳ್ದೆ. 'ಅಪ್ಪ ಹೋದ್ರು. ತಮ್ಮನ ಸಂಸಾರಾನೂ ಹೋಗ್ಬೇಕಾ?' ಅಂದ್ರು. ಆಮೇಲೆ ಆ ಮಾತೇ ಎತ್ತಿಲ್ಲ."

"ಎಲ್ಲ ಗೊತ್ತಿದ್ದೂ ಹತ್ತು ವಾರ ನನ್ನ ಜೊತೆ ಒಂದೇ ರೂಮಲ್ಲಿ..."

"ಮೊದಲ್ನೇ ವಾರ ಕತ್ತು ಹಿಸುಕಿಬಿಡೋಣ ಅನ್ನಿಸ್ತಿತ್ತು. ಎರಡ್ನೇ ವಾರ ನಿಂಗೆ ಗುಂಡಿ ಕಾಜಾ ಹೊಲಿಯೋದು ಹೇಳ್ಕೊಡೋಕೆ ಕೂತೆ. ಎರಡೂ ಒಟ್ಟಿಗೆ ಆಗಲ್ಲ ನೋಡು."

"ನಾನು ಇವರಿಗೆ ಹೇಳ್ತೀನಿ, ಅಕ್ಕ."

"ಈಗ ಹೇಳಿ ಏನು ಬಂತು? ಸತ್ತೋರು ಏಳ್ತಾರಾ? ನಿನ್ನ ಮನೆ ನೆಟ್ಟಗಿದೆ, ಇರ್ಲಿ. ವಿಮಾನ ಇಳಿಯೋವರೆಗೆ ನಾವು ಅಕ್ಕ-ತಂಗಿ. ಇಳಿದ ಮೇಲೆ ನೀನು ಕೆಳಗೆ, ನಾನು ಮೇಲೆ. ಆಯ್ತಾ?"

ತಲೆಯಾಡಿಸಿದೆ. ಬೇಡ ಅನ್ನಬಹುದಿತ್ತು. ತಲೆಯಾಡಿಸುವುದು ಸುಲಭ.

ನಾದಿನಿ ಹತ್ತಿಬಂದು ಕನ್ನಡಿಯಲ್ಲಿ ನಮ್ಮನ್ನು ನೋಡಿದಳು. "ಏನು, ಸಮುದ್ರ ನೋಡಿ ಅಳೋ ವಯಸ್ಸಾ ಇಬ್ರಿಗೂ?" ಬಾಗಿಲು ಮುಚ್ಚಿತು.

ಜೂನ್ ೧೫, ಶನಿವಾರ

ನಾದಿನಿ ಅಣ್ಣಂದಿರಿಬ್ಬರಿಗೂ ಶೂ ತಂದಿದ್ದಾಳೆ. ಒಂದೇ ಬಣ್ಣ, ಒಂದೇ ಮಾದರಿ. ಭಾವನದು ಒಂಬತ್ತು, ಇವರದು ಎಂಟು. "ಒಬ್ಬಂಗೆ ಕಪ್ಪು ಒಬ್ಬಂಗೆ ಕಂದು ತಂದ್ರೆ ಅದಕ್ಕೊಂದು ಎಂಟು ವರ್ಷ ಮಾತು ಬಿಡ್ತಾರೆ ಮಹಾನುಭಾವರು."

ಅಕ್ಕ ನಕ್ಕರು. ನಾನೂ. ಸಹಜವಾಗಿಯೇ ಬಂತು ನಗು, ಅದೇ ಆಶ್ಚರ್ಯ.

ಕೊನೆಯ ದಿನಗಳು ಉದ್ದವಾಗಿರುತ್ತವೆ ಅಂದುಕೊಂಡಿದ್ದೆ. ಇಲ್ಲ. ಹಾಸಿಗೆಯ ಚಾದರ ಒಗೆದದ್ದು, ಫ್ರಿಜ್ಜಿನಲ್ಲಿ ಉಳಿದದ್ದನ್ನು ಮುಗಿಸಿದ್ದು, ಪಾಸು ವಾಪಸು ಕೊಟ್ಟದ್ದು. ಸಂಜೆಯಾಯಿತು.

ಜೂನ್ ೧೬, ಭಾನುವಾರ. ಮಧ್ಯಾಹ್ನ, ವಿಮಾನ ನಿಲ್ದಾಣ

ತೂಕದ ಪ್ರಹಸನ. ತಲಾ ಇಪ್ಪತ್ತಮೂರು ಕಿಲೋ. ಅಕ್ಕನದು ಇಪ್ಪತ್ತೈದೂವರೆ ತೋರಿಸಿತು, ನನ್ನದು ಇಪ್ಪತ್ತು. ಕೌಂಟರಿನವಳು ತಲೆ ಎತ್ತದೆ "ಸರಿ ಮಾಡ್ಕೊಂಡು ಬನ್ನಿ" ಅಂದಳು.

ನೆಲದ ಮೇಲೆ ಎರಡೂ ಸೂಟ್‌ಕೇಸು ತೆರೆದು ಕೂತೆವು. ಹಿಂದೆ ಸಾಲು ಬೆಳೆಯುತ್ತಿದೆ. ಅಕ್ಕನ ಕತ್ತರಿ, ಬಟ್ಟೆ ತುಂಡುಗಳ ಗಂಟು ನನ್ನ ಕಡೆ ಬಂದವು. ಈಗ ನನ್ನದು ಹೆಚ್ಚು. ಶೂಗಳ ಡಬ್ಬಿ ಬಿಸಾಕಿದೆವು. ಒಂದೊಂದು ಶೂ ನಾನೂರು ಗ್ರಾಂ ಚಿಲ್ಲರೆ, ತಕ್ಕಡಿ ಕಲ್ಲಿನ ಹಾಗೆ ಅನುಕೂಲ. ಒಂದು ಇತ್ತ, ಒಂದು ಅತ್ತ, ಮತ್ತೊಂದು ಇತ್ತ.

"ಬಾಳೆಲ್ಲ ಅಳತೆ ಟೇಪಲ್ಲಿ ಕಳೆದೋಳು ನಾನು, ಈ ತೂಕ ಬಗೆಹರಿಯಲ್ಲ" ಅಂದರು ಅಕ್ಕ, ಬೆವರು ಒರೆಸಿಕೊಳ್ಳುತ್ತಾ.

ನಾದಿನಿ ಗಾಜಿನಾಚೆ ನಿಂತು ನಗುತ್ತಿದ್ದಳು. ಯೂನಿಫಾರಂನಲ್ಲೇ ಬಂದಿದ್ದಳು, ಡ್ಯೂಟಿಗೆ ಹೊತ್ತಾಗಿತ್ತು. ಕೈಬೀಸುವಾಗ ಮಾತ್ರ ನಗು ನಿಂತಿತ್ತು. ಆಮೇಲೆ ಒಂದು ಮೆಸೇಜು: 'ದೊಡ್ಡತ್ತಿಗೆ ಚಿಕ್ಕತ್ತಿಗೆ, ಇಷ್ಟು ಖರ್ಚು ಮಾಡಿ ಕರೆಸಿದ್ದು ಸಮುದ್ರ ತೋರಿಸೋಕಲ್ಲ.' ಅಕ್ಕನಿಗೆ ಓದಿ ಹೇಳಿದೆ. ಗೊತ್ತು, ಅಂದರು.

ವಿಮಾನ ಕಾಯುತ್ತಾ ಬರೆಯುತ್ತಿದ್ದೇನೆ. ಅಕ್ಕ ನನ್ನ ಭುಜದ ಮೇಲೆ ನಿದ್ದೆ. ಬಲಗೈ ಸರಿಯಾಗಿ ಆಡಿಸುವಂತಿಲ್ಲ, ಅಕ್ಷರ ವಕ್ರ.

ಜೂನ್ ೧೭, ಸೋಮವಾರ

ಬಂದಾಯಿತು.

ವಿಮಾನದ ಮೆಟ್ಟಿಲು ಇಳಿದ ಮೇಲೂ ಅಕ್ಕ ಮಾತಾಡುತ್ತಿದ್ದರು. ಲಗೇಜು ಬರುವವರೆಗೂ. ಬಾಗಿಲಿನ ಹತ್ತಿರ ಬಂದಾಗ ಮಾತಿನ ನಡುವೆಯೇ ನಿಲ್ಲಿಸಿದರು. ಟ್ರಾಲಿ ತಳ್ಳಿಕೊಂಡು ಹತ್ತು ಹೆಜ್ಜೆ ಮುಂದೆ ಹೋದರು. ನಾನು ಅಲ್ಲೇ ನಿಂತು ಅಷ್ಟು ಅಂತರ ಆಗಲು ಬಿಟ್ಟೆ.

ಹೊರಗೆ ಅಣ್ಣ ಒಂದು ಕಂಬದ ಹತ್ತಿರ, ತಮ್ಮ ಇನ್ನೊಂದರ ಹತ್ತಿರ. ಇಬ್ಬರೂ ಕೈ ಹಿಂದೆ ಕಟ್ಟಿದ್ದರು, ಒಂದೇ ರೀತಿ. ಎರಡು ಟ್ಯಾಕ್ಸಿ. ಒಂದೇ ದಾರಿ, ಒಂದೇ ಗೇಟು. ಉದ್ದಕ್ಕೂ ಮುಂದಿನ ಟ್ಯಾಕ್ಸಿಯ ಹಿಂದಿನ ಗಾಜಿನಲ್ಲಿ ಅಕ್ಕನ ಜಡೆ ಕಾಣುತ್ತಿತ್ತು.

"ಹೇಗಿತ್ತು, ಅವರ ಜೊತೆ?" ಅಂದರು ಇವರು.

"ಇತ್ತು" ಅಂದೆ.

"ಪಾಪ" ಅಂದರು. ನನಗೆ.

ಜೂನ್ ೧೯, ಬುಧವಾರ

ಇವರು ಶೂ ಹಾಕಿಕೊಂಡು ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆದರು. ನಿಂತರು. ಮತ್ತೆ ನಡೆದರು. "ಎಡಗಡೇದು ಸಡಿಲ."

ತಿರುಗಿಸಿ ನೋಡಿದೆ. ಬಲಗಾಲಿನದು ಎಂಟು. ಎಡಗಾಲಿನದು ಒಂಬತ್ತು. ಮೇಲೆ ಇದರ ತದ್ವಿರುದ್ಧ ಜೋಡಿ ಇದ್ದೀತು. ಏನಾಗಿದೆ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಇವರೇ — "ಆ ದೇಶದ ಸೈಜೇ ಹಾಗಿರ್ಬೇಕು. ಪೇಪರ್ ಇಟ್ರೆ ಸರಿಹೋಗುತ್ತೆ." ಇಟ್ಟರು. ಆಫೀಸಿಗೆ ಹೋದರು.

ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನ್ನದು ಪಳಗಿದ ಕೈ.

ಸಂಜೆ ಮೆಟ್ಟಿಲ ಮೇಲೆ ಭಾವನ ಹೆಜ್ಜೆ. ಒಂದು ಗಟ್ಟಿ, ಒಂದು ಮೆತ್ತಗೆ. ಒಂದು ಗಟ್ಟಿ, ಒಂದು ಮೆತ್ತಗೆ. ಅವರ ಎಡಗಾಲಿಗೆ ತಮ್ಮನ ಎಂಟು ಕಚ್ಚುತ್ತಿದೆ. ಅಲ್ಲೂ ಯಾರೂ ಬಾಯಿ ಬಿಟ್ಟಿಲ್ಲ.

ಜೂನ್ ೨೪, ಸೋಮವಾರ

ರಜೆ ಮುಗಿಯಿತು. ಮತ್ತೆ ನನ್ನ ಕಾಲೇಜು ಲೈಬ್ರರಿ ಕೆಲಸ. ನಾನಿಲ್ಲದಾಗ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದಾನೆ ಅಟೆಂಡರು. ನೋಡಲು ಚೆಂದ, ಹುಡುಕಿದರೆ ಒಂದೂ ಸಿಗುವುದಿಲ್ಲ.

ನಾದಿನಿಯ ಫೋನು. "ಶೂ ಹೇಗಿದೆ ಅಂತ ಇಬ್ರನ್ನೂ ಕೇಳ್ದೆ. ಇಬ್ರೂ 'ಫಸ್ಟ್ ಕ್ಲಾಸ್' ಅಂದ್ರು. ಒಂದೇ ಮಾತು ಹೇಳ್ತಿದ್ದಾರೆ ಅಂದ್ರೆ ಏನೋ ಎಡವಟ್ಟಾಗಿದೆ. ಏನಾಗಿದೆ ಚಿಕ್ಕತ್ತಿಗೆ?"

ಏನಿಲ್ಲ, ಅಂದೆ. ಎರಡನೆಯ 'ಇಲ್ಲ'.

ಮೇಲೆ ಮಿಷನ್ ಸದ್ದು. ನಿನ್ನೆ ಭಾನುವಾರ ಬೆಳಿಗ್ಗೆ ಓದಲು ಕೂತು ನಾಲ್ಕು ಸಾಲಿಗೆ ನಿಲ್ಲಿಸಿದ್ದೆ. ಕೇಳಿಸಲೆಂದು ಓದುವುದು ಬೇರೆ. ದನಿ ಸುಳ್ಳಾಗುತ್ತದೆ.

ಜೂನ್ ೨೯, ಶನಿವಾರ. ಮಧ್ಯಾಹ್ನ

ಹೇಳಿದೆ.

ಬೆಳಿಗ್ಗೆ ಇವರು ಶೂ ಹಾಕಿಕೊಂಡು ಪೇಪರ್ ತರಲು ಗೇಟಿಗೆ ಹೋಗಿದ್ದರು. ಭಾವ ಕುಂಟುತ್ತಾ ಒಳಗೆ ಬರುತ್ತಿದ್ದರಂತೆ. ಇವರು ಅವರ ಕಾಲಲ್ಲೂ ಅದೇ ಶೂ ನೋಡಿದ್ದಾರೆ, ಎಡಗಾಲು ಬಿಗಿ. ಪೇಪರ್ ತುರುಕಿದ ತಮ್ಮದೇ ಎಡಗಾಲನ್ನೂ ನೋಡಿಕೊಂಡಿದ್ದಾರೆ. ಒಳಗೆ ಬಂದವರ ಮುಖ ಕೆಂಪು.

"ನನ್ನ ಶೂ ಅವನ ಹತ್ರ ಇದೆ! ಗೊತ್ತಾಗಿರಲ್ವಾ ಅವನಿಗೆ? ಹತ್ತು ದಿನದಿಂದ ಕಾಲು ಕಚ್ಚಿಸ್ಕೊಂಡು ಓಡಾಡ್ತಿದ್ದಾನೆ, ಬಾಯಿಬಿಟ್ಟು ಹೇಳಲ್ಲ. ಕಳ್ಳ. ಅವತ್ತೂ ಹಾಗೇ. ಮಾಡದೇ ಇರೋ ಫೋನು ಮಾಡಿದ್ದೆ ಅಂತ ನಿನ್ನ ತಲೆಗೆ ಕಟ್ಟೋಕೆ ನೋಡಿದ. ಸುಳ್ಳ!"

ತರಕಾರಿ ಹೆಚ್ಚುತ್ತಿದ್ದೆ. ಚಾಕು ಕೆಳಗಿಟ್ಟೆ.

"ಮಾಡಿದ್ರು."

"ಏನು?"

"ಭಾವ ಫೋನ್ ಮಾಡಿದ್ರು. ನಾಲ್ಕು ಸಲ. ನಾನು ನೋಡ್ದೆ. ಎತ್ಲಿಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಫೋನು, ಯಾವಾಗ ಎಂದು ಕೇಳಿದರು. ಶೂ ವಿಷಯಕ್ಕೆ ಮಾಡಿದ್ದರೇನೋ ಅಂದುಕೊಂಡಿರಬೇಕು. ಮತ್ತೆ ಹೇಳಿದೆ. ಎಲ್ಲಿದ್ದೆ, ಎಷ್ಟು ಹೊತ್ತಿಗೆ, ಯಾಕೆ ಎತ್ತಲಿಲ್ಲ. ಎಲ್ಲ. ಕವಿಗೋಷ್ಠಿ ಅಂದಾಗ ಒಮ್ಮೆ ಕಣ್ಣು ಮುಚ್ಚಿ ತೆರೆದರು.

"ಮತ್ತೆ... ನಾನು ಕೇಳ್ದಾಗ ಇಲ್ಲ ಅಂದೆ."

"ಹೂಂ."

"ಯಾಕೆ?"

"ಹೆದರಿಕೆ. ಆಮೇಲೆ ಅಭ್ಯಾಸ."

ಕುರ್ಚಿಯಲ್ಲಿ ಕೂತರು. ಆಮೇಲೆ ಕೇಳಿದ್ದು ನನ್ನ ಬಗ್ಗೆ ಅಲ್ಲ.

"ಅಣ್ಣ ಮೊಬೈಲ್ ತೋರಿಸ್ಬಹುದಿತ್ತಲ್ಲ?"

"ತೋರಿಸ್ಬಹುದಿತ್ತು."

"ಎಂಟು ವರ್ಷ ನನ್ನ ಹತ್ರ ಬೈಸ್ಕೊಂಡ."

ಎಂಟು ವರ್ಷದಲ್ಲಿ ಮೊದಲ ಸಲ ಇವರ ಬಾಯಲ್ಲಿ 'ಅಣ್ಣ'. ಅದಾದ ಮೇಲೆ ಒಂದು ಮಾತೂ ಇಲ್ಲ. ಅಡುಗೆ ಮಾಡಿದೆ. ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಿಲ್ಲ, ಇವರು ಊಟಕ್ಕೆ ಬರಲಿಲ್ಲ.

ಜೂನ್ ೩೦, ಭಾನುವಾರ

ಬೆಳಿಗ್ಗೆ ಮೆಟ್ಟಿಲು ಹತ್ತಿದರು. ಕೆಳಗೆ ನಿಂತು ಕೇಳಿಸಿಕೊಂಡೆ, ನಾಚಿಕೆಯಿಲ್ಲದೆ. ಬೆಲ್ ಒತ್ತಿದರು. ಬಾಗಿಲು ತೆರೆಯಿತು. ಕೂಗಾಟ ಇಲ್ಲ, ಅಳು ಇಲ್ಲ, ಏನೂ ಇಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಭಾವನ ದನಿ, ಮೆಟ್ಟಿಲ ಮೇಲಿನಿಂದ: "ನೋಡ್ಕೊಂಡು ಇಳಿ, ಅಲ್ಲೊಂದು ಕಲ್ಲು ಎದ್ದಿದೆ." ಇಷ್ಟು ವರ್ಷದ ಮೇಲೆ ಕೇಳಿದ ಮೊದಲ ವಾಕ್ಯ.

ಇವರು ನನ್ನನ್ನು ದಾಟಿ ಒಳಗೆ ಹೋದರು.

ಜುಲೈ ೨, ಮಂಗಳವಾರ

ಮೇಲಿನವರಿಗೂ ಕೆಳಗಿನವರಿಗೂ ಮಾತು ಶುರುವಾಗಿದೆ. ಕೆಳಗಿನವರಿಬ್ಬರ ನಡುವೆ ನಿಂತಿದೆ. ಒಟ್ಟು ಲೆಕ್ಕ ಹಾಗೇ ಇದೆ.

ತಪ್ಪು ಅನ್ನುವುದಿಲ್ಲ. ಇವರು ಅಣ್ಣನಿಗೆ ಎಂಟು ವರ್ಷ ಕೊಟ್ಟ ಮೌನ ನನಗೆ ಸಲ್ಲಬೇಕಾಗಿತ್ತು. ಈಗ ವಿಳಾಸ ತಿದ್ದಿಕೊಂಡು ಬಂದಿದೆ.

ಸಂಜೆ

ಅಕ್ಕ ಇಳಿದು ಬಂದರು. ಒಪ್ಪಂದ ಮುರಿದು, ಮುಂಬಾಗಿಲಿನಿಂದಲೇ. ಇವರು ಹಜಾರದಲ್ಲಿದ್ದರು, ಎದ್ದು ನಿಂತರು. ಅಕ್ಕ ಕೂರಲಿಲ್ಲ.

"ಏನಪ್ಪಾ ಮೈದುನ, ಬಾಯಿಗೆ ಬೀಗ ಹಾಕಿದ್ದೀಯಂತೆ?"

"ಅತ್ತಿಗೆ, ಅದು ನಮ್ಮಿಬ್ಬರ..."

"ನಿಮ್ಮಿಬ್ಬರ ವಿಷಯವೇ. ಯಾರು ಇಲ್ಲ ಅಂದ್ರು? ಕೋಪ ಮಾಡ್ಕೋ. ಮಾಡ್ಕೋಬೇಕಾದ್ದೇ. ನಾನೂ ಮಾಡ್ಕೊಂಡಿದ್ದೆ, ಚೆನ್ನಾಗಿಯೇ. ಆದ್ರೆ ಬೈದು ಮುಗಿಸು. ಸುಮ್ನಿರೋದು ಮಾತ್ರ ಬೇಡ. ಈ ಮನೇಲಿ ಸುಮ್ನಿದ್ದೋರು ಯಾರೂ ಉದ್ಧಾರ ಆಗಿಲ್ಲ. ನಿಮ್ಮಣ್ಣನೂ ಸೇರಿ."

ಇವರು ನೆಲ ನೋಡುತ್ತಿದ್ದರು. ಅಕ್ಕ ಅಡುಗೆಮನೆಗೆ ಬಂದರು. ನಾನು ಏನೋ ಹೇಳಲು ಹೋದೆ, ಕೈ ಅಡ್ಡ ಹಿಡಿದರು.

"ಹೇಳ್ಬೇಡ ಅಂದಿದ್ದೆ ನಿಂಗೆ."

"ಹೂಂ."

"ಕೇಳ್ಲಿಲ್ಲ."

"ಇಲ್ಲ."

"ಹಂಗೇ ಇರು" ಅಂದು ಹೊರಟುಹೋದರು.

ಜುಲೈ ೬, ಶನಿವಾರ. ಸಂಜೆ ಐದೂವರೆ

ಏಳನೆಯ ದಿನ. ಇವರು ಇನ್ನೂ ಬೈದಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಬಾಗಿಲು ತೆರೆದಿದೆ. ಹಜಾರದಲ್ಲಿ ಇವರು ಪೇಪರ್ ಹಿಡಿದಿದ್ದಾರೆ. ಒಂದೇ ಪುಟ, ಇಪ್ಪತ್ತು ನಿಮಿಷದಿಂದ.

ಈ ವಾರ ಒಂದು ವಿಷಯ ಗಮನಿಸಿದೆ. ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ, ನಿಜ ಹೇಳಿದರೆ. ಹಗುರವೇನೂ ಆಗಿಲ್ಲ. ಭಾರ ಇದ್ದ ಜಾಗ ಗೊತ್ತಾಗಿದೆ, ಅಷ್ಟೆ. ಅಲ್ಲಿಗೆ ಕೈ ಹೋಗುತ್ತದೆ, ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋದ ಹಾಗೆ. ಇದನ್ನು ಒಂದು ಪದ್ಯ ಮಾಡಬಹುದು. ಮಾಡುವುದಿಲ್ಲ.

ಪೇಪರ್ ಮಡಿಚಿದ ಸದ್ದು. ಗಂಟಲು ಸರಿಮಾಡಿಕೊಂಡರು.

"ಕನ್ನಡಕ ಎಲ್ಲಿಟ್ಟಿದ್ದೀಯ?"

ನನಗೇ. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಕನ್ನಡಕ ಅವರ ಮೂಗಿನ ಮೇಲಿದೆ. ಇಲ್ಲಿಂದ ಕಾಣುತ್ತಿದೆ. ಏನೆಂದು ಹೇಳಲಿ? ಪುಸ್ತಕ ಮುಚ್ಚಿ ಹಜಾರಕ್ಕೆ ಹೋಗುತ್ತೇನೆ.